ಎದೆಹಾಲಿನಲ್ಲಿ ಆಲ್ಕೊಹಾಲ್: ಬರುವ ದಾರಿ, ಹೋಗುವ ದಾರಿ

ಬಾಣಂತಿ ಇರುವ ಮನೆಯಲ್ಲಿ ದಶಮೂಲಾರಿಷ್ಟದ ಸೀಸೆ ಇರುವುದು ನಮ್ಮಲ್ಲಿ ಸಾಮಾನ್ಯ. ಮುಂದಿನ ಸಲ ಅದು ಕಣ್ಣಿಗೆ ಬಿದ್ದಾಗ ಲೇಬಲನ್ನು ಒಮ್ಮೆ ಓದಿ ನೋಡಿ. ಬೇರು, ತೊಗಟೆ, ಬೆಲ್ಲ, ಧಾತಕಿ ಹೂವುಗಳ ಪಟ್ಟಿಯ ಜೊತೆಗೆ 'ಸ್ವಯಂಜನಿತ ಆಲ್ಕೊಹಾಲ್' ಎಂಬ ಮಾತೂ ಅಚ್ಚಾಗಿರುತ್ತದೆ. ಬೆಲ್ಲದ ಪಾಕವು ಹುದುಗು ಬಂದು ಹುಟ್ಟಿದ ಆಲ್ಕೊಹಾಲ್ ಅದು. ಅದರ ಪ್ರಮಾಣ ಸಾಮಾನ್ಯವಾಗಿ ಶೇ. 5ರಿಂದ 10. ಬಿಯರಿನಲ್ಲಿರುವುದೂ ಹೆಚ್ಚುಕಡಿಮೆ ಇಷ್ಟೇ! ಇನ್ನು ಕೆಲವು ಮನೆಗಳಲ್ಲಿ ಬಾಣಂತಿಗೆ ಥಂಡಿಯಾಗಬಾರದೆಂದು ಒಂದಿಷ್ಟು ಬ್ರಾಂದಿ ಕೊಡುವ ರೂಢಿಯಿದೆ.

ತಾಯಿ ಕುಡಿದದ್ದು ಮಗುವಿಗೆ ಹೋಗುತ್ತದೆಯೆ? ಈ ಪ್ರಶ್ನೆಗೆ ಎರಡು ತದ್ವಿರುದ್ಧ ಉತ್ತರಗಳು ಚಾಲ್ತಿಯಲ್ಲಿವೆ. ತಾಯಿಯ ದೇಹ ಎಲ್ಲವನ್ನೂ ಸೋಸಿ ಶುದ್ಧವಾದ ಹಾಲನ್ನೇ ಕೊಡುತ್ತದೆ ಎಂಬುದು ಒಂದು. ಒಂದು ಗುಟುಕು ಕುಡಿದರೂ ಹಾಲೆಲ್ಲ ವಿಷವಾಯಿತು, ಹಿಂಡಿ ಚೆಲ್ಲಬೇಕು ಎಂಬುದು ಇನ್ನೊಂದು. ಎರಡೂ ತಪ್ಪು. ಏಕೆ ತಪ್ಪು ಎಂದು ತಿಳಿಯಲು ಪಿ.ಯು.ಸಿ. ಮಟ್ಟದ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಸಾಕು. ಆದ್ದರಿಂದಲೇ ವೈದ್ಯನಲ್ಲದ ನಾನು ಈ ವಿಷಯಕ್ಕೆ ಕೈ ಹಾಕಿದ್ದೇನೆ.

ನಮ್ಮ ದೇಶದ ಹೆಂಗಸರಲ್ಲಿ ಕುಡಿಯುವವರು ಎಷ್ಟು ಮಂದಿ, ಇದು ನಮ್ಮ ಪ್ರಶ್ನೆಯೇ ಅಲ್ಲ ಎಂದು ಯಾರಾದರೂ ಹೇಳಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಮಹಿಳೆಯರಲ್ಲಿ ಶೇ. 1.3ರಷ್ಟು ಮಂದಿ ಮಾತ್ರ ಮದ್ಯ ಸೇವಿಸುವುದಾಗಿ ಹೇಳಿದ್ದಾರೆ, ನಿಜ. ಆದರೆ ಅದೇ ಸಮೀಕ್ಷೆಯ ಪ್ರಕಾರ ಅರುಣಾಚಲ ಪ್ರದೇಶದಲ್ಲಿ ಇದು ಸುಮಾರು ಶೇ. 24. ಅಲ್ಲದೆ ಅರಿಷ್ಟವನ್ನೂ ಬಾಣಂತಿಯ ಬ್ರಾಂದಿಯನ್ನೂ ಕುಡಿತವೆಂದು ಲೆಕ್ಕ ಹಾಕುವವರು ನಮ್ಮಲ್ಲಿ ಯಾರಿದ್ದಾರೆ?

ಹಾಲಿಗೆ ಬರುವ ಬಗೆ

ಸ್ತನದಲ್ಲಿ ದ್ರಾಕ್ಷಿ ಗೊಂಚಲಿನಂತೆ ಜೋಡಣೆಗೊಂಡ ಸೂಕ್ಷ್ಮ ಚೀಲಗಳಿವೆ. ಚೀಲದ ಗೋಡೆ ಒಂದೇ ಪದರದ ಜೀವಕೋಶಗಳದ್ದು. ಹೊರಬದಿಯಲ್ಲಿ ರಕ್ತದ ಲೋಮನಾಳಗಳು, ಒಳಬದಿಯಲ್ಲಿ ಹಾಲು. ಪ್ರೋಟೀನಿನಂಥ ದೊಡ್ಡ ಅಣುಗಳು ಈ ಗೋಡೆಯನ್ನು ದಾಟಬೇಕಾದರೆ ವಿಶೇಷ ಏರ್ಪಾಡುಗಳು ಬೇಕು. ಆಲ್ಕೊಹಾಲ್, ಅಂದರೆ ಎಥನಾಲ್, ಬಹಳ ಚಿಕ್ಕ ಅಣು. ಅದರ ಅಣುತೂಕ ಕೇವಲ 46. ನೀರಿನಲ್ಲಿ ಅದು ಎಷ್ಟು ಬೇಕಾದರೂ ಬೆರೆಯುತ್ತದೆ, ಕೊಬ್ಬಿನ ಪೊರೆಯನ್ನೂ ದಾಟಬಲ್ಲದು. ಅದಕ್ಕೆ ವಿದ್ಯುದಾವೇಶವಿಲ್ಲ. ಹಾಗಾಗಿ ಜೀವಕೋಶದ ಪೊರೆ ಅದಕ್ಕೆ ಅಡ್ಡಿಯೇ ಅಲ್ಲ.

ಇಲ್ಲಿ ನಡೆಯುವುದು ಬರೀ ವಿಸರಣೆ. ಸಾರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಣುಗಳು ಹರಿಯುತ್ತವೆ. ರಕ್ತದಲ್ಲಿ ಆಲ್ಕೊಹಾಲ್ ಏರುತ್ತಿದ್ದಾಗ ಅದು ಹಾಲಿಗೆ ಹೋಗುತ್ತದೆ. ರಕ್ತದಲ್ಲಿ ಇಳಿಯತೊಡಗಿದೊಡನೆ ಹಾಲಿನಿಂದ ಮರಳಿ ರಕ್ತಕ್ಕೆ ಬರುತ್ತದೆ. ಈ ಎರಡನೆಯ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ಎಲ್ಲ ವಿಚಾರವೂ ಅದರ ಮೇಲೆಯೇ ನಿಂತಿದೆ. ಸ್ತನದಲ್ಲಿರುವ ಹಾಲು ಮುಚ್ಚಳ ಹಾಕಿಟ್ಟ ತೊಟ್ಟಿಯಲ್ಲಿರುವ ಹಾಲಿನಂತಲ್ಲ. ರಕ್ತದೊಡನೆ ಅದು ಸದಾ ಕೊಡುಕೊಳ್ಳುವಿಕೆಯಲ್ಲಿರುತ್ತದೆ.

ಎಲ್ಲ ರಾಸಾಯನಿಕಗಳೂ ಹೀಗೆ ಸಮಪಾಲು ಮಾಡಿಕೊಳ್ಳುವುದಿಲ್ಲ. ನಿಕೋಟಿನ್ ಒಂದು ದುರ್ಬಲ ಪ್ರತ್ಯಾಮ್ಲ. ಹಾಲು ರಕ್ತಕ್ಕಿಂತ ತುಸು ಆಮ್ಲೀಯವಾದ್ದರಿಂದ ಹಾಲಿಗೆ ಬಂದ ನಿಕೋಟಿನ್ ಅಯಾನಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ತಾಯಿಯ ರಕ್ತರಸದಲ್ಲಿರುವುದಕ್ಕಿಂತ ಸುಮಾರು ಮೂರು ಪಟ್ಟು ನಿಕೋಟಿನ್ ಹಾಲಿನಲ್ಲಿ ಸೇರಿರುತ್ತದೆ. ಆಲ್ಕೊಹಾಲಿಗೆ ಈ ಬಲೆಯಿಲ್ಲ. ಆದರೂ ಹಾಲಿನಲ್ಲಿ ಅದು ರಕ್ತಕ್ಕಿಂತ ಒಂದು ಕೂದಲೆಳೆ ಹೆಚ್ಚೇ ಇರುತ್ತದೆ. ಕಾರಣ ಸರಳ. ಆಲ್ಕೊಹಾಲ್ ಹಂಚಿಕೆಯಾಗುವುದು ನೀರಿನ ಅಂಶದಲ್ಲಿ. ರಕ್ತದ ತೂಕದಲ್ಲಿ ನೀರು ಸುಮಾರು ಶೇ. 80, ಹಾಲಿನಲ್ಲಿ ಶೇ. 87–88. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.1 ಬರುತ್ತದೆ.

ಒಂದು ಲೆಕ್ಕ

ಈಗ 55 ಕಿಲೊಗ್ರಾಂ ತೂಕದ ತಾಯಿಯೊಬ್ಬಳು 60 ಮಿ.ಲೀ. ಬ್ರಾಂದಿ, ಅಂದರೆ ಒಂದು ದೊಡ್ಡ ಪೆಗ್, ಕುಡಿದಳು ಎಂದು ಭಾವಿಸಿ. ನಮ್ಮ ದೇಶದ ಬ್ರಾಂದಿ, ವಿಸ್ಕಿಗಳಲ್ಲಿ ಆಲ್ಕೊಹಾಲ್ ಗಾತ್ರದ ಲೆಕ್ಕದಲ್ಲಿ ಶೇ. 42.8. ಒಂದು ಮಿ.ಲೀ. ಎಥನಾಲಿನ ತೂಕ 0.79 ಗ್ರಾಂ. ಹೀಗಾಗಿ ಹೊಟ್ಟೆಗೆ ಸೇರಿದ್ದು ಸುಮಾರು 20 ಗ್ರಾಂ.

ಇದು ರಕ್ತದಲ್ಲಿ ಎಷ್ಟಾಗುತ್ತದೆ? ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ 1932ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಕುಡಿದ ಆಲ್ಕೊಹಾಲಿನ ತೂಕವನ್ನು ದೇಹದ ತೂಕ ಮತ್ತು ಒಂದು ಗುಣಾಂಕದ ಗುಣಲಬ್ಧದಿಂದ ಭಾಗಿಸಬೇಕು, ಅಷ್ಟೆ. ಹೆಂಗಸರಿಗೆ ಆ ಗುಣಾಂಕ ಸುಮಾರು 0.55. ಆಲ್ಕೊಹಾಲ್ ಕೊಬ್ಬಿಗಿಂತ ನೀರಿನಲ್ಲಿ ಹೆಚ್ಚು ಕರಗುವುದರಿಂದ ಇಡೀ ದೇಹದ ಬದಲು ಅದರ 'ನೀರುಳ್ಳ' ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಂತೆ ಎಂದು ತಿಳಿಯಿರಿ. 55ನ್ನು 0.55ರಿಂದ ಗುಣಿಸಿದರೆ ಸುಮಾರು 30. 20 ಗ್ರಾಮನ್ನು 30 ಕಿಲೊಗ್ರಾಮಿಗೆ ಹಂಚಿದರೆ 100 ಗ್ರಾಂ ರಕ್ತಕ್ಕೆ 67 ಮಿ.ಗ್ರಾಂ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಹಾಕಿರುವ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಎಂಬುದನ್ನು ಇಲ್ಲಿ ನೆನೆಯಬಹುದು. ಖಾಲಿ ಹೊಟ್ಟೆಯಲ್ಲಿ ಒಮ್ಮೆಗೇ ಕುಡಿದರೆ ಬರುವ ಗರಿಷ್ಠ ಅಂದಾಜು ಇದು. ಊಟದ ಜೊತೆ ಕುಡಿದರೆ ಶಿಖರ ತಗ್ಗುತ್ತದೆ, ತಡವಾಗಿಯೂ ಬರುತ್ತದೆ. 1.1ರ ಲೆಕ್ಕದಂತೆ ಹಾಲಿನಲ್ಲಿ ಇದು 100 ಮಿ.ಲೀ.ಗೆ ಸುಮಾರು 75 ಮಿ.ಗ್ರಾಂ.

ಇದೇ ಲೆಕ್ಕವನ್ನು ಅರಿಷ್ಟಕ್ಕೆ ಹಾಕಿ. ಒಂದು ಹೊತ್ತಿಗೆ 15 ಮಿ.ಲೀ., ಆಲ್ಕೊಹಾಲ್ ಶೇ. 8 ಎಂದಿಟ್ಟುಕೊಂಡರೆ ಒಂದು ಗ್ರಾಮಿಗಿಂತ ತುಸು ಕಡಿಮೆ. ರಕ್ತದಲ್ಲಿ 100 ಗ್ರಾಮಿಗೆ 3 ಮಿ.ಗ್ರಾಂ. ಯಕೃತ್ತು ಅದನ್ನು ಕಾಲು ಗಂಟೆಯೊಳಗೆ ಮುಗಿಸಿಬಿಡುತ್ತದೆ. ಅಳತೆ ಮೀರದ ಅರಿಷ್ಟದಲ್ಲಿರುವ ಆಲ್ಕೊಹಾಲಿನ ಮಟ್ಟಿಗೆ ಗಾಬರಿಗೆ ಕಾರಣವಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ 'ಅರಿಷ್ಟವೂ ಆಲ್ಕೊಹಾಲೇ ಅಲ್ಲವೆ' ಎಂದು ಅದೇ ಧೈರ್ಯವನ್ನು ಬ್ರಾಂದಿಗೆ ವಿಸ್ತರಿಸುವಂತಿಲ್ಲ. 60 ಮಿ.ಲೀ. ಬ್ರಾಂದಿ ಎಂದರೆ ಇಪ್ಪತ್ತು ಹೊತ್ತಿನ ಅರಿಷ್ಟವನ್ನು ಒಮ್ಮೆಗೇ ಕುಡಿದಂತೆ. ಬ್ರಾಂದಿ ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂಬುದೂ ಒಂದು ಭ್ರಮೆ. ಆಲ್ಕೊಹಾಲ್ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿರಕ್ತ ಮೇಲಕ್ಕೆ ಬಂದದ್ದರಿಂದ ಚರ್ಮಕ್ಕೆ ಬೆಚ್ಚಗೆನಿಸುತ್ತದೆ. ನಿಜವಾಗಿ ಆಗ ದೇಹ ಶಾಖವನ್ನು ಕಳೆದುಕೊಳ್ಳುತ್ತಿರುತ್ತದೆ.

ಇಳಿಯುವ ರೇಖೆ

ವಿದ್ಯಾರ್ಥಿಗಳು ವಿಕಿರಣಶೀಲ ಕ್ಷಯದ ಪಾಠದಲ್ಲಿ ಅರ್ಧಾಯುವನ್ನು ಕಲಿತಿರುತ್ತಾರೆ. ಬಹಳಷ್ಟು ಔಷಧಿಗಳು ದೇಹದಿಂದ ಹೋಗುವುದೂ ಅದೇ ರೀತಿ. ಆಲ್ಕೊಹಾಲ್ ಹಾಗಲ್ಲ. ಅದನ್ನು ಒಡೆಯುವ ಯಕೃತ್ತಿನ ಕಿಣ್ವ ಬಹಳ ಬೇಗ ಭರ್ತಿಯಾಗಿಬಿಡುತ್ತದೆ. ಒಂದೇ ಕಿಟಕಿಯ ಟಿಕೆಟ್ ಕೌಂಟರ್ ಇದ್ದಂತೆ: ಸಾಲಿನಲ್ಲಿ ಇಪ್ಪತ್ತು ಜನರಿರಲಿ, ಇನ್ನೂರು ಜನರಿರಲಿ, ಗಂಟೆಗೆ ಟಿಕೆಟ್ ಪಡೆದು ಹೋಗುವವರ ಸಂಖ್ಯೆ ಅಷ್ಟೇ. ರಕ್ತದಲ್ಲಿ ಅದು ಗಂಟೆಗೆ ಸುಮಾರು 15 ಮಿ.ಗ್ರಾಮಿನಂತೆ ಇಳಿಯುತ್ತದೆ. ಒಬ್ಬರಿಂದೊಬ್ಬರಿಗೆ ಇದು 10ರಿಂದ 20ರವರೆಗೆ ವ್ಯತ್ಯಾಸವಾಗುವುದುಂಟು. ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ 67, 52, 37, 22, 7 ಎಂದು ಸರಳರೇಖೆ ಬರುತ್ತದೆ, ಕೊನೆಯಲ್ಲಿ ಮಾತ್ರ ಸ್ವಲ್ಪ ಬಾಗುತ್ತದೆ. ನಮ್ಮ ಉದಾಹರಣೆಯ ತಾಯಿಗೆ ಸೊನ್ನೆ ಮುಟ್ಟಲು ಸುಮಾರು ನಾಲ್ಕೂವರೆ ಗಂಟೆ ಬೇಕು.

ಘಾತೀಯ ಇಳಿಕೆಯಲ್ಲಿ ಆರಂಭದ ಪ್ರಮಾಣ ಇಮ್ಮಡಿಯಾದರೆ ಕಾಯಬೇಕಾದದ್ದು ಒಂದು ಅರ್ಧಾಯುವಿನಷ್ಟು ಮಾತ್ರ ಹೆಚ್ಚು. ಸರಳರೇಖೆಯಲ್ಲಿ ಹಾಗಲ್ಲ, ಪೆಗ್ ಎರಡಾದರೆ ಕಾಯುವ ಕಾಲವೂ ಎರಡರಷ್ಟು, ಒಂಬತ್ತು ಗಂಟೆ. ತರಗತಿಯಲ್ಲಿ ಎರಡೂ ರೇಖೆಗಳನ್ನು ಒಂದೇ ಹಾಳೆಯಲ್ಲಿ ಬರೆಸಿ ನೋಡಿ. ಉಪನ್ಯಾಸಕ್ಕಿಂತ ಅದು ಹೆಚ್ಚು ಮನವರಿಕೆ ಮಾಡಿಕೊಡುತ್ತದೆ. ಮಜ್ಜಿಗೆ, ಕಾಫಿ, ತಣ್ಣೀರಿನ ಸ್ನಾನ ಇವು ಯಾವುವೂ ಆ ಒಂದು ಕಿಟಕಿಯನ್ನು ಎರಡು ಮಾಡಲಾರವು.

ಹಾಗಾದರೆ ಹಾಲನ್ನು ಹಿಂಡಿ ಚೆಲ್ಲಿದರೆ? ವಿದೇಶಗಳಲ್ಲಿ ಇದು ಬಹಳ ಪ್ರಚಾರದಲ್ಲಿರುವ ಉಪಾಯ. 100 ಮಿ.ಲೀ. ಹಾಲು ಚೆಲ್ಲಿದರೆ ಹೊರಹೋಗುವ ಆಲ್ಕೊಹಾಲ್ 75 ಮಿ.ಗ್ರಾಂ. ಕುಡಿದದ್ದು 20 ಗ್ರಾಂ, ಅಂದರೆ 20,000 ಮಿ.ಗ್ರಾಂ. ಸುಮಾರು 270ರಲ್ಲಿ ಒಂದು ಪಾಲು! ಅದೇ ಒಂದು ಗಂಟೆಯಲ್ಲಿ ಯಕೃತ್ತು ತಾನಾಗಿಯೇ ಇದರ ಅರವತ್ತು ಪಟ್ಟು ಕೆಲಸ ಮಾಡಿ ಮುಗಿಸಿರುತ್ತದೆ. ಹಿಂಡಿದ ಮೇಲೆ ಊರುವ ಹೊಸ ಹಾಲಿನಲ್ಲೂ ಆ ಹೊತ್ತಿಗೆ ರಕ್ತದಲ್ಲಿರುವಷ್ಟೇ ಆಲ್ಕೊಹಾಲ್ ಇರುತ್ತದೆ. ಚೆಲ್ಲದೆ ಬಿಟ್ಟ ಹಾಲೂ ನಾಲ್ಕೂವರೆ ಗಂಟೆಯ ಬಳಿಕ ಅಷ್ಟೇ ಶುದ್ಧ. ಏಕೆಂದರೆ ಅದರಲ್ಲಿದ್ದ ಆಲ್ಕೊಹಾಲ್ ಮರಳಿ ರಕ್ತಕ್ಕೆ ಹೋಗಿರುತ್ತದೆ. ಎದೆ ಬಿಗಿದು ನೋವಾಗುತ್ತಿದ್ದರೆ ಹಿಂಡುವುದು ಸರಿ. ಆಲ್ಕೊಹಾಲ್ ಬೇಗ ಹೋಗಲಿ ಎಂದಾದರೆ ವ್ಯರ್ಥ. ಕುಡಿದ ಹೊತ್ತಿನಲ್ಲಿ ಹಿಂಡಿ ಫ್ರಿಜ್ಜಿನಲ್ಲಿಟ್ಟ ಹಾಲಿನ ವಿಷಯ ಮಾತ್ರ ಬೇರೆ. ರಕ್ತದ ಸಂಪರ್ಕ ಕಡಿದುಹೋದದ್ದರಿಂದ ಅದರಲ್ಲಿದ್ದದ್ದು ಅದರಲ್ಲೇ ಉಳಿಯುತ್ತದೆ.

ಮಗುವಿಗೆ ಸೇರುವುದೆಷ್ಟು?

ಐದು ಕಿಲೊಗ್ರಾಂ ತೂಕದ ಶಿಶು, ತಾಯಿಯ ರಕ್ತದಲ್ಲಿ ಆಲ್ಕೊಹಾಲ್ ಗರಿಷ್ಠವಾಗಿದ್ದ ಹೊತ್ತಿನಲ್ಲೇ 100 ಮಿ.ಲೀ. ಹಾಲು ಕುಡಿಯಿತು ಎನ್ನಿ. ಅದರ ದೇಹಕ್ಕೆ ಸೇರಿದ 75 ಮಿ.ಗ್ರಾಂ ಆಲ್ಕೊಹಾಲ್ ಮೂರೂವರೆ ಕಿಲೊಗ್ರಾಮಿಗೆ ಹಂಚಿಕೆಯಾಗುತ್ತದೆ. ಶಿಶುಗಳ ದೇಹದಲ್ಲಿ ನೀರಿನ ಪಾಲು ಹೆಚ್ಚಾದ್ದರಿಂದ ಗುಣಾಂಕವನ್ನು 0.7 ಎಂದು ತೆಗೆದುಕೊಂಡಿದ್ದೇನೆ. ಶಿಶುವಿನ ರಕ್ತದಲ್ಲಿ ಅದು 100 ಗ್ರಾಮಿಗೆ ಸುಮಾರು 2 ಮಿ.ಗ್ರಾಂ ಆಗುತ್ತದೆ, ತಾಯಿಯದರ ಮೂವತ್ತನೆಯ ಒಂದು ಪಾಲು.

ಗರ್ಭಾವಸ್ಥೆಗೂ ಸ್ತನ್ಯಪಾನಕ್ಕೂ ಇರುವ ದೊಡ್ಡ ಅಂತರ ಇದೇ. ಗರ್ಭದಲ್ಲಿ ತಾಯಿ ಮತ್ತು ಶಿಶು ಕೊಳವೆಯಿಂದ ಜೋಡಿಸಿದ ಎರಡು ಪಾತ್ರೆಗಳಿದ್ದಂತೆ. ತಾಯಿಯಲ್ಲಿ 67 ಇದ್ದರೆ ಶಿಶುವಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂಗಾಂಗಗಳು ರೂಪುಗೊಳ್ಳುವ ಆ ಕಾಲದಲ್ಲಿ ಅದರ ಹಾನಿ ಜೀವಮಾನವಿಡೀ ಉಳಿಯುವಂಥದು. ಹೆರಿಗೆಯ ಬಳಿಕ ಕೊಳವೆ ಕಡಿದಿರುತ್ತದೆ. ದೊಡ್ಡ ಪಾತ್ರೆಯಿಂದ ಒಂದು ಸೌಟು ಮೊಗೆದು ಚಿಕ್ಕದಕ್ಕೆ ಹಾಕುವುದಷ್ಟೇ ಉಳಿದಿರುತ್ತದೆ.

ಮೂವತ್ತರಲ್ಲೊಂದು ಎಂದಾಕ್ಷಣ ನಿಶ್ಚಿಂತೆ ಬೇಡ. ಹಸುಗೂಸಿನ ಯಕೃತ್ತಿನಲ್ಲಿ ಆಲ್ಕೊಹಾಲನ್ನು ಒಡೆಯುವ ಕಿಣ್ವ ಬಹಳ ಕಡಿಮೆ. ಅದು ಬೆಳೆದವರ ಮಟ್ಟಕ್ಕೆ ಬರಲು ವರ್ಷಗಳೇ ಹಿಡಿಯುತ್ತವೆ. ಕೂಸಿಗೆ ಹಗಲೂ ರಾತ್ರಿ ಎರಡು-ಮೂರು ಗಂಟೆಗೊಮ್ಮೆ ಹಾಲು ಬೇಕು. ತಾಯಿ ದಿನವಿಡೀ ಕುಡಿಯುವವಳಾದರೆ ಒಂದೊಂದು ಸೌಟೂ ಲೆಕ್ಕಕ್ಕೆ ಬರುತ್ತದೆ. 1978ರಲ್ಲಿ ಅಮೆರಿಕದ ವೈದ್ಯರು ನಾಲ್ಕು ತಿಂಗಳ ಶಿಶುವೊಂದರ ಪ್ರಕರಣವನ್ನು ವರದಿ ಮಾಡಿದರು. ಅದರ ಮುಖ ಊದಿಕೊಂಡಿತ್ತು, ಬೆಳವಣಿಗೆ ಕುಂಠಿತವಾಗಿತ್ತು. ವಿಪರೀತ ಕುಡಿಯುತ್ತಿದ್ದ ತಾಯಿ ಮದ್ಯವನ್ನು ಬಿಟ್ಟ ಮೇಲೆ, ಎದೆಹಾಲು ನಿಲ್ಲಿಸದೆಯೇ, ಶಿಶು ಚೇತರಿಸಿಕೊಂಡಿತು.

ತಕ್ಕಡಿ ಹೇಳಿದ ಮಾತು

ಬಿಯರ್ ಕುಡಿದರೆ ಹಾಲು ಚೆನ್ನಾಗಿ ಊರುತ್ತದೆ ಎಂಬ ನಂಬಿಕೆ ಯೂರೋಪ್, ಅಮೆರಿಕಗಳಲ್ಲಿ ಬಹಳ ಹಳೆಯದು. 1895ರಲ್ಲಿ ಅಮೆರಿಕದ ದೊಡ್ಡ ಬಿಯರ್ ಕಂಪನಿಯೊಂದು ಬಾಣಂತಿಯರ ಟಾನಿಕ್ ಎಂದೇ ಕಡಿಮೆ ಆಲ್ಕೊಹಾಲಿನ ಮಾಲ್ಟ್ ಪಾನೀಯವನ್ನು ಮಾರುಕಟ್ಟೆಗೆ ತಂದಿತ್ತು. ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದವರು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಜೂಲಿ ಮೆನೆಲಾ ಮತ್ತು ಗ್ಯಾರಿ ಬೋಶಾಂ. 1991ರಲ್ಲಿ ಪ್ರಕಟವಾದ ಅವರ ಪ್ರಯೋಗ ಸರಳತೆಗೆ ಒಂದು ಮಾದರಿ. ಹನ್ನೆರಡು ಮಂದಿ ತಾಯಂದಿರು. ಒಂದು ದಿನ ಬರೀ ಕಿತ್ತಳೆ ರಸ, ಇನ್ನೊಂದು ದಿನ ಅದರಲ್ಲಿ ದೇಹತೂಕದ ಕಿಲೊಗ್ರಾಮಿಗೆ 0.3 ಗ್ರಾಮಿನಂತೆ ಬೆರೆಸಿದ ಆಲ್ಕೊಹಾಲ್. ಮಗುವನ್ನು ಹಾಲೂಡುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ತೂಗಿದರೆ ಕುಡಿದ ಹಾಲಿನ ಲೆಕ್ಕ ಸಿಕ್ಕಿತು! ಆಲ್ಕೊಹಾಲಿನ ದಿನ ಮಕ್ಕಳು ಮೊದಮೊದಲು ಹೆಚ್ಚು ಬಾರಿ ಚೀಪಿದವು, ಆದರೆ ಕುಡಿದ ಹಾಲು ಕಡಿಮೆ. ಹಾಲಿನ ವಾಸನೆ ಬದಲಾದದ್ದನ್ನು ಮೂಸಿ ನೋಡಿದ ಬೇರೆಯವರೂ ಗುರುತಿಸಿದರು. ಅರ್ಧ ಗಂಟೆಯಿಂದ ಒಂದು ಗಂಟೆಯ ನಡುವೆ ಅದು ಅತಿ ಹೆಚ್ಚಾಗಿತ್ತು. ವಾಸನೆಯಿಂದ ಮಗು ಹಾಲನ್ನು ತಿರಸ್ಕರಿಸಿತೆ? ಹೆಚ್ಚು ಚೀಪಿದ್ದನ್ನು ನೋಡಿದರೆ ಹಾಗೆನಿಸುವುದಿಲ್ಲ. ಬಿಯರನ್ನೂ ಆಲ್ಕೊಹಾಲ್ ತೆಗೆದ ಬಿಯರನ್ನೂ ಹೋಲಿಸಿ ಅವರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಫಲಿತಾಂಶ ಅದೇ. ಮಗು ಕಡಿಮೆ ಕುಡಿದಿದೆ ಎಂಬುದು ತಾಯಂದಿರ ಅರಿವಿಗೇ ಬಂದಿರಲಿಲ್ಲ. ನಂಬಿಕೆ ಇಷ್ಟು ಕಾಲ ಬಾಳಿದ್ದರ ಗುಟ್ಟು ಇಲ್ಲಿರಬಹುದು. ತಕ್ಕಡಿಯಿಲ್ಲದೆ ಈ ವ್ಯತ್ಯಾಸ ಕಾಣುವುದಿಲ್ಲ.

ಇದಕ್ಕೆ ಕಾರಣ 2005ರಲ್ಲಿ ಸ್ಪಷ್ಟವಾಯಿತು. ಹಾಲು ತಯಾರಾಗಲು ಪ್ರೊಲ್ಯಾಕ್ಟಿನ್, ತಯಾರಾದದ್ದು ಹೊರಬರಲು ಆಕ್ಸಿಟೋಸಿನ್ ಎಂಬ ಹಾರ್ಮೋನುಗಳು ಬೇಕು. ಆಲ್ಕೊಹಾಲ್ ಕುಡಿದಾಗ ಮೊದಲನೆಯದು ಏರಿ ಎರಡನೆಯದು ಇಳಿಯುತ್ತದೆ. ಎದೆ ತುಂಬಿದಂತೆ ಅನಿಸಿದರೂ ಹಾಲು ಇಳಿದುಬರುವುದಿಲ್ಲ. ತಾಯಿ ಆಮೇಲೆ ಮತ್ತೆ ಕುಡಿಯದಿದ್ದರೆ ಮಗು ಮುಂದಿನ 8ರಿಂದ 16 ಗಂಟೆಗಳಲ್ಲಿ ಹೆಚ್ಚು ಕುಡಿದು ಕೊರತೆಯನ್ನು ತುಂಬಿಕೊಳ್ಳುತ್ತದೆ ಎಂಬುದೂ ಕಂಡುಬಂದಿದೆ. ದಿನವೂ ಕುಡಿಯುವವರ ಮಗುವಿಗೆ ಈ ಅವಕಾಶ ದೊರೆಯುವುದಿಲ್ಲ.

'ಕುಡಿದರೆ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ' ಎಂಬ ಮಾತಿನ ಗತಿಯೂ ಇಷ್ಟೇ. 1998ರ ಪ್ರಯೋಗವೊಂದರಲ್ಲಿ ತಾಯಿಯದೇ ಹಾಲನ್ನು ಒಮ್ಮೆ ಹಾಗೆಯೇ, ಒಮ್ಮೆ ಅತಿ ಸ್ವಲ್ಪ ಆಲ್ಕೊಹಾಲ್ ಬೆರೆಸಿ ಬಾಟಲಿಯಲ್ಲಿ ಕೊಡಲಾಯಿತು. ಬೆರೆಸಿದ ಹಾಲು ಕುಡಿದ ಮೇಲಿನ ಮೂರೂವರೆ ಗಂಟೆಗಳಲ್ಲಿ ಶಿಶುಗಳು ಮಲಗಿದ ಒಟ್ಟು ಕಾಲ ಕಡಿಮೆಯಾಗಿತ್ತು. ಅದರಲ್ಲೂ ಕಣ್ಣುರೆಪ್ಪೆ, ಕೈಕಾಲು ಅದುರುವ 'ಸಕ್ರಿಯ ನಿದ್ರೆ' ಕುಗ್ಗಿತ್ತು.

ದೀರ್ಘಕಾಲದ ಪರಿಣಾಮಗಳ ಬಗ್ಗೆ ಅಧ್ಯಯನಗಳು ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. 1989ರಲ್ಲಿ ಅಮೆರಿಕದ 400 ಶಿಶುಗಳ ಅಧ್ಯಯನ, ದಿನವೂ ಕುಡಿಯುವ ತಾಯಂದಿರ ಮಕ್ಕಳಲ್ಲಿ ಒಂದು ವರ್ಷದ ಹೊತ್ತಿಗೆ ಅಂಗಚಲನೆಯ ಬೆಳವಣಿಗೆ ತುಸು ಹಿಂದಿದೆ ಎಂದಿತು. ಬುದ್ಧಿಯ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. 2002ರಲ್ಲಿ ಬ್ರಿಟನ್ನಿನ ಒಂದೂವರೆ ವರ್ಷದ ಮಕ್ಕಳಲ್ಲಿ ಅದೇ ಪರಿಣಾಮ ಕಂಡುಬರಲಿಲ್ಲ. 2018ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು 6–7 ವರ್ಷದ ಮಕ್ಕಳ ತಾರ್ಕಿಕ ಪರೀಕ್ಷೆಯ ಅಂಕಗಳಲ್ಲಿ ಇಳಿಕೆಯನ್ನು ಗುರುತಿಸಿತು. ಎದೆಹಾಲು ಕುಡಿಯದ ಮಕ್ಕಳಲ್ಲಿ ಆ ಸಂಬಂಧ ಇರಲಿಲ್ಲ ಎಂಬುದು ಗಮನಾರ್ಹ. ಇಂಥ ಪ್ರಶ್ನೆಗೆ ಮಕ್ಕಳನ್ನು ಎರಡು ಗುಂಪು ಮಾಡಿ ಪ್ರಯೋಗ ನಡೆಸುವಂತಿಲ್ಲ, ನಡೆಸಲೂಬಾರದು. ಹೀಗಿರುವಾಗ ಕುಡಿಯದಿರುವುದೇ ಕ್ಷೇಮ ಎಂದು ವೈದ್ಯ ಸಂಸ್ಥೆಗಳು ಹೇಳುವುದು ನ್ಯಾಯವೇ.

ಕುಡಿದಾಗಿದೆ, ಈಗೇನು ಎಂದು ಕೇಳುವ ತಾಯಿಗೂ ಉತ್ತರ ಬೇಕಲ್ಲ! ಎದೆಹಾಲನ್ನು ನಿಲ್ಲಿಸುವುದು ಉತ್ತರವಲ್ಲ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಆಕೆಗೂ ಅನ್ವಯಿಸುತ್ತದೆ. ಕಾಯುವುದೊಂದೇ ಮದ್ದು: 10 ಗ್ರಾಂ ಆಲ್ಕೊಹಾಲಿಗೆ, ಅಂದರೆ 30 ಮಿ.ಲೀ. ಬ್ರಾಂದಿಗೆ, ಎರಡೂಕಾಲು ಗಂಟೆ; ಶೇ. 5ರ ದೊಡ್ಡ ಬಾಟಲಿ ಬಿಯರಿಗೆ, ಅಂದರೆ 650 ಮಿ.ಲೀ.ಗೆ, ಐದೂವರೆ ಗಂಟೆಗೂ ಹೆಚ್ಚು. ಮೊದಲೇ ಹಿಂಡಿಟ್ಟ ಹಾಲಿದ್ದರೆ ಆ ಹೊತ್ತಿಗೆ ಅದನ್ನು ಕೊಡಬಹುದು. ಹಾಲಿನ ಲೆಕ್ಕಕ್ಕಿಂತಲೂ ಮುಖ್ಯವಾದದ್ದು ಇನ್ನೊಂದಿದೆ. ಮೂವತ್ತರಲ್ಲೊಂದು ಪಾಲು ಶಿಶುವಿನದಾದರೆ ಪೂರ್ಣ ಪಾಲು ತಾಯಿಯದು. ಆಲ್ಕೊಹಾಲಿನ ಮಂಪರಿನಲ್ಲಿ ಮಲಗಿದ ತಾಯಿಗೆ ಮಗ್ಗುಲಲ್ಲಿರುವ ಕೂಸಿನ ಮೇಲೆ ತಾನು ಹೊರಳಿದ್ದು, ಹೊದಿಕೆ ಅದರ ಮೂಗಿಗೆ ಅಡ್ಡಬಂದದ್ದು ತಿಳಿಯುವುದಿಲ್ಲ. ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುವ ನಮ್ಮ ಮನೆಗಳಲ್ಲಿ ಇದು ನಿಜವಾದ ಅಪಾಯ. ಕುಡಿದು ಬಂದ ತಂದೆಗೂ ಇದು ಅಷ್ಟೇ ಅನ್ವಯಿಸುತ್ತದೆ. ಅಂಥ ರಾತ್ರಿ ಕೂಸು ತೊಟ್ಟಿಲಲ್ಲಿ ಮಲಗಲಿ, ಕುಡಿಯದ ಇನ್ನೊಬ್ಬರು ಅದರ ಬಳಿ ಇರಲಿ.